ಕೊರಳಲ್ಲೊಂದು ಸುರಂಗ: ಗಡಿನಾಡಿನವರು ಅತಿವಾಸ್ತವ ಸ್ವಂತ ಭಾವಚಿತ್ರ ಬಿಡಿಸುವ ಬಗೆ

ಚಿತ್ರ ಕಲಿಯಲು ಬರುವ ಹುಡುಗ ಹುಡುಗಿಯರಿಗೆ "ನಿಮ್ಮನ್ನೇ ಬಿಡಿಸಿ, ನಿಮ್ಮ ಊರೂ ಅದರಲ್ಲಿರಲಿ" ಎಂದರೆ ನಮ್ಮ ಕಾಸರಗೋಡಿನಲ್ಲಿ ಹೆಚ್ಚಿನವರು ಒಂದೇ ಚಿತ್ರ ತರುತ್ತಾರೆ. ನೆತ್ತಿಯಿಂದ ಗಲ್ಲದವರೆಗೆ ಮುಖದ ನಟ್ಟನಡುವೆ ಒಂದು ಗೆರೆ. ಎಡಕ್ಕೆ ಯಕ್ಷಗಾನದ ಬಣ್ಣ, ಬಲಕ್ಕೆ ಉತ್ತರ ಕೇರಳದ ದೈವಾರಾಧನೆಯಾದ ತೆಯ್ಯಂನ ಬಣ್ಣ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನೂ ಅದನ್ನೇ ಬಿಡಿಸಿದ್ದೆ. ಬಂದವರೆಲ್ಲ ಮೆಚ್ಚಿದರು. ಒಂದು ವಾರ ಅದನ್ನು ಗೋಡೆಯಲ್ಲಿಟ್ಟು ನೋಡಿದ ಮೇಲೆ ಅದರೊಳಗೆ ನಾನಿಲ್ಲ ಎಂಬುದು ಗೊತ್ತಾಯಿತು. ನಾನು ವೇಷ ಕಟ್ಟಿದವಳಲ್ಲ, ಕೋಲ ಕಟ್ಟುವ ಮನೆತನದವಳೂ ಅಲ್ಲ. ಅದಕ್ಕಿಂತ ಮುಖ್ಯವಾಗಿ, ನನ್ನೊಳಗೆ ಅಂಥ ಗೆರೆಯೇ ಇಲ್ಲ. ಮನೆಯಲ್ಲಿ ಹವ್ಯಕ ಕನ್ನಡ, ತೋಟದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ. ಬೆಳಗ್ಗೆ ಹತ್ತು ಗಂಟೆಯೊಳಗೆ ಈ ನಾಲ್ಕೂ ಬಾಯಲ್ಲಿ ಬಂದುಹೋಗಿರುತ್ತವೆ. ಎಲ್ಲಿ ಒಂದು ಮುಗಿದು ಇನ್ನೊಂದು ಸುರುವಾಯಿತು ಎಂದು ಕೇಳಿದರೆ ನನಗೆ ಹೇಳಲು ಬಾರದು.

ಆ ಗೆರೆ ಎಳೆಯದೆ ನಮ್ಮನ್ನು ನಾವು ಬಿಡಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಾನು ಎರಡನೇ ಸಲ ಬಿಡಿಸಿದ ಚಿತ್ರವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಅದು 24 ಇಂಚು ಎತ್ತರ, 18 ಇಂಚು ಅಗಲದ ಕ್ಯಾನ್ವಾಸ್. ಅಕ್ರಿಲಿಕ್ ಬಣ್ಣ, ಜೊತೆಗೆ ಮನೆಯ ಹಿಂದಿನ ಗುಡ್ಡದ ಮಣ್ಣು. ಕುಂಚ ಹಿಡಿದು ಒಂದಷ್ಟು ಅಭ್ಯಾಸ ಇರುವವರಿಗೆ ಇದು ಹೆಚ್ಚು ಉಪಯೋಗವಾದೀತು, ಹೊಸಬರಿಗೂ ಮೊದಲ ಮೂರು ಹಂತಗಳಿಗೆ ಒಂದು ನೋಟ್‌ಬುಕ್ಕು ಪೆನ್ಸಿಲು ಸಾಕು.

ಮೊದಲು: ಒಂದು ಗಡಿಯ ಚಿತ್ರವನ್ನು ನಿಧಾನವಾಗಿ ನೋಡಿ

ಮೆಕ್ಸಿಕೋದ ಫ್ರಿಡಾ ಕಾಹ್ಲೋ (1907–1954) 1932ರಲ್ಲಿ ಒಂದು ಸಣ್ಣ ಚಿತ್ರ ಬಿಡಿಸಿದಳು. ಒಂದಡಿಗಿಂತ ಸ್ವಲ್ಪ ದೊಡ್ಡದು, ಲೋಹದ ತಗಡಿನ ಮೇಲೆ ಎಣ್ಣೆಬಣ್ಣ. ಮೆಕ್ಸಿಕೋ ಮತ್ತು ಅಮೆರಿಕದ ನಡುವಿನ ಗಡಿಕಲ್ಲಿನ ಮೇಲೆ ಅವಳು ಗುಲಾಬಿ ಬಣ್ಣದ ಉಡುಪು ತೊಟ್ಟು ನಿಂತಿದ್ದಾಳೆ. ಒಂದು ಕಡೆ ಹಳೆಯ ದೇಗುಲ, ಸೂರ್ಯಚಂದ್ರರು, ಬೇರುಬಿಟ್ಟ ಗಿಡಗಳು. ಇನ್ನೊಂದು ಕಡೆ ಕಾರ್ಖಾನೆಯ ಹೊಗೆಕೊಳವೆಗಳು, ಯಂತ್ರಗಳು. ಮೇಲ್ನೋಟಕ್ಕೆ ಇದೂ ಇಬ್ಭಾಗದ ಚಿತ್ರವೇ. ಆದರೆ ಚಿತ್ರದ ಕೆಳಅಂಚನ್ನು ನೋಡಿ. ಅಮೆರಿಕದ ಯಂತ್ರದಿಂದ ಹೊರಟ ತಂತಿ ಮಣ್ಣಿನಡಿಗೆ ಹೋಗಿ ಮೆಕ್ಸಿಕೋದ ಗಿಡದ ಬೇರಿಗೆ ಸೇರಿಕೊಂಡಿದೆ. ಮೇಲೆ ಎರಡು ದೇಶ, ಕೆಳಗೆ ಬೇರು ಒಂದೇ ಹೆಣಿಗೆ. ಅವಳ ಮುಖದ ಮೇಲೆ ಗೆರೆ ಇಲ್ಲ.

ಇನ್ನೂ ಒಂದು ವಿವರ. ಅವಳು ನಿಂತ ಕಲ್ಲಿನ ಮೇಲೆ ಬರೆದಿರುವುದು ಫ್ರಿಡಾ ಎಂದಲ್ಲ, ಕಾರ್ಮೆನ್ ರಿವೆರಾ ಎಂದು. ಕಾರ್ಮೆನ್ ಅವಳ ಪೂರ್ತಿ ಹೆಸರಿನೊಳಗೇ ಇದ್ದ ಇನ್ನೊಂದು ಹೆಸರು, ರಿವೆರಾ ಗಂಡನ ಹೆಸರು. ಗಡಿಯಲ್ಲಿ ನಿಂತಾಗ ಹೆಸರೂ ಬದಲಾಗುತ್ತದೆ ಎಂಬುದನ್ನು ಗಡಿನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಕುಂಬಳೆ ಫಲಕದಲ್ಲಿ ಕುಂಬಳ ಆಗುತ್ತದೆ, ಮಂಜೇಶ್ವರ ಮಂಜೇಶ್ವರಂ ಆಗುತ್ತದೆ.

ಅದೇ ಕಲಾವಿದೆ 1939ರಲ್ಲಿ ಬಿಡಿಸಿದ 'ಇಬ್ಬರು ಫ್ರಿಡಾ' ಎಂಬ ದೊಡ್ಡ ಕ್ಯಾನ್ವಾಸಿನಲ್ಲಿ ಅವಳೇ ಎರಡಾಗಿ ಕೂತಿದ್ದಾಳೆ. ಒಬ್ಬಳು ಯುರೋಪಿನ ಬಿಳಿ ಉಡುಪಿನಲ್ಲಿ, ಒಬ್ಬಳು ಮೆಕ್ಸಿಕೋದ ತೆಹುವಾನಾ ಸ್ತ್ರೀಯರ ಉಡುಪಿನಲ್ಲಿ. ಅಪ್ಪ ಜರ್ಮನಿಯಿಂದ ಬಂದವನು, ತಾಯಿ ಮೆಕ್ಸಿಕೋದವಳು. ಇಬ್ಬರ ಹೃದಯವೂ ಹೊರಗೆ ಕಾಣುತ್ತದೆ, ನಡುವೆ ಒಂದೇ ರಕ್ತನಾಳ. ಇಲ್ಲಿಯೂ ನಮ್ಮ ಕಣ್ಣು ನಿಲ್ಲಬೇಕಾದದ್ದು ಎರಡು ಉಡುಪಿನ ಮೇಲಲ್ಲ, ಆ ನಾಳದ ಮೇಲೆ. ಅವಳನ್ನು ಅತಿವಾಸ್ತವ ಪಂಥಕ್ಕೆ (ಸರ್ರಿಯಲಿಸಂ, ಕನಸಿನಂಥ ಅಸಾಧ್ಯವನ್ನು ನಿಜವೆಂಬಂತೆ ಬಿಡಿಸುವ ಪಂಥ) ಸೇರಿಸಲು ಹೊರಟವರಿಗೆ ಅವಳು ಒಪ್ಪಲಿಲ್ಲ. ತಾನು ಬಿಡಿಸುವುದು ಕನಸಲ್ಲ, ತನ್ನ ಬದುಕು ಎಂಬುದು ಅವಳ ನಿಲುವಾಗಿತ್ತು. ನೀವೂ ಅದೇ ನಿಲುವಿನಿಂದ ಹೊರಡಿ. ವಿಚಿತ್ರವಾಗಿ ಕಾಣಲಿ ಎಂದು ವಿಚಿತ್ರವನ್ನು ತಂದರೆ ಚಿತ್ರ ಎರಡು ದಿನಕ್ಕೇ ಹಳತಾಗುತ್ತದೆ.

ಒಂದು ವಾರ ಸಾಮಾನು ಗುಡ್ಡೆ ಹಾಕಿ

ನೋಟ್‌ಬುಕ್ಕಿನಲ್ಲಿ ಏಳು ದಿನ, ದಿನವೂ ಮಲಗುವ ಮೊದಲು, ಆ ದಿನ ನಿಮ್ಮ ಕೈ ನಿಜವಾಗಿ ಮುಟ್ಟಿದ ವಸ್ತುಗಳನ್ನು ಬರೆಯಿರಿ. ಹೆಮ್ಮೆಪಡುವ ವಸ್ತುಗಳನ್ನಲ್ಲ, ಮುಟ್ಟಿದ ವಸ್ತುಗಳನ್ನು. ಬೇಕಲ ಕೋಟೆ ನಮ್ಮ ಹೆಮ್ಮೆ, ಸರಿ, ಆದರೆ ನಾನು ಅದನ್ನು ಮುಟ್ಟುವುದು ನೆಂಟರು ಬಂದಾಗ ಮಾತ್ರ. ನನ್ನ ಪಟ್ಟಿಯಲ್ಲಿ ಬಂದದ್ದು: ಅಡಕೆ ಹಾಳೆ, ಬೈರಾಸು (ಮೈ ಒರೆಸುವ ಬಟ್ಟೆ), ಎರಡು ಲಿಪಿಯ ಬಸ್ ಫಲಕ (ಮುಟ್ಟಿದ್ದಲ್ಲ, ಓದಿದ್ದು, ಆದರೂ ಬರೆದೆ), ರೇಷನ್ ಕಾರ್ಡು, ಕುಚ್ಚಿಲು ಅಕ್ಕಿ, ಮಳೆಗಾಲದ ಬೂಸ್ಟು ಹಿಡಿದ ಪುಸ್ತಕ, ಸುರಂಗದ ನೀರು.

ಪ್ರತಿ ವಸ್ತುವಿನ ಮುಂದೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಇಲ್ಲದಿದ್ದರೆ ನನ್ನ ದಿನದಲ್ಲಿ ಏನು ನಿಲ್ಲುತ್ತದೆ? ಇದರ ಬಗ್ಗೆ ನನಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಯಾವುದು? ಎರಡನೆಯದಕ್ಕೆ ಉತ್ತರ ಬಾರದ ವಸ್ತುವನ್ನು ಹೊಡೆದು ಹಾಕಿ. ನನ್ನ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಎರಡು, ಸುರಂಗ ಮತ್ತು ರೇಷನ್ ಕಾರ್ಡು.

ಸುರಂಗದ ಬಗ್ಗೆ ಬೇರೆ ಕಡೆಯ ಓದುಗರಿಗಾಗಿ ಸ್ವಲ್ಪ ಹೇಳಬೇಕು. ಕಾಸರಗೋಡಿನ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡಗಳಲ್ಲಿ ಬಾವಿಯನ್ನು ಕೆಳಕ್ಕೆ ತೋಡುವ ಬದಲು ಅಡ್ಡಕ್ಕೆ ಕೊರೆಯುತ್ತಾರೆ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ನಿಲ್ಲುವಷ್ಟೇ ಅಗಲ. ಒಳಗೆ ಹೋದ ಹಾಗೆ ಗಾಳಿ ಕಮ್ಮಿಯಾಗುತ್ತದೆ, ಹಾಗಾಗಿ ದೀಪವೋ ಮೊಂಬತ್ತಿಯೋ ಜೊತೆಯಲ್ಲಿರುತ್ತದೆ. ಜ್ವಾಲೆ ಮಂಕಾದರೆ ಕೆಲಸ ಬಿಟ್ಟು ಹೊರಬರಬೇಕು. ಉದ್ದವಾದರೆ ಗಾಳಿಗಾಗಿ ಮೇಲಿನಿಂದ ಕಂಡಿ ತೋಡುತ್ತಾರೆ. ಕಲ್ಲಿನ ಪದರದಲ್ಲಿ ಒಸರುವ ನೀರು ತಾನಾಗಿಯೇ ಹೊರಗೆ ಹರಿದು, ಸೀಳಿದ ಅಡಕೆ ಮರದ ದಂಬೆಯಲ್ಲೋ ಪೈಪಿನಲ್ಲೋ ಇಳಿದು ಟಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮ ಮನೆಯ ಸುರಂಗ ಅಜ್ಜನ ಕಾಲದ್ದು. ಕೊರೆದವರು ತುಳುವರು. ನೀರು ಕಂಡ ದಿನ ಒಳಗಿನಿಂದ "ನೀರ್ ಬತ್ತ್ಂಡ್" (ನೀರು ಬಂತು) ಎಂದು ಕೂಗಿದ್ದು ಹೊರಗೆ ನಿಂತವರಿಗೆ ಮೂರು ಸಲ ಕೇಳಿಸಿತಂತೆ, ಸುರಂಗದ ಮಾರ್ದನಿ. ಹವ್ಯಕರ ಮನೆ ಕುಡಿದ ಮೊದಲ ಸುದ್ದಿ ತುಳುವಿನಲ್ಲಿತ್ತು. ಇದು ನನಗೆ ಮಾತ್ರ ಗೊತ್ತಿರುವ ಸಂಗತಿ. ಇದೇ ನನ್ನ ಚಿತ್ರದ ನಾಳ.

ರೇಷನ್ ಕಾರ್ಡಿನ ಕತೆ ಚಿಕ್ಕದು. 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಆ ದಿನ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕ) ಸೇರಬೇಕೆಂದು ಗಡಿ ವಿವಾದಕ್ಕಾಗಿ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಜಾರಿಯಾಗಲಿಲ್ಲ. ದೊಡ್ಡವರ ಈ ಲೆಕ್ಕಾಚಾರವೆಲ್ಲ ನಮ್ಮ ಮನೆಗೆ ಬಂದು ಮುಟ್ಟಿದ್ದು ಒಂದು ಅಕ್ಷರವಾಗಿ. ಹೊಸ ಕಾರ್ಡು ಬಂದಾಗ ಅಜ್ಜನ ಹೆಸರಿನ ಕೊನೆಗೆ ಒಂದು 'ನ್' ಸೇರಿಕೊಂಡಿತ್ತು. ಮಲಯಾಳದಲ್ಲಿ ಗಂಡಸರ ಹೆಸರು ಹಾಗೆ ಮುಗಿಯುವುದು ವಾಡಿಕೆ. ಬರೆದವರಿಗೆ ಅದು ತಪ್ಪೆಂದು ತೋಚಿರಲಿಕ್ಕಿಲ್ಲ. ಜಾಗದ ಕಾಗದಪತ್ರದಲ್ಲಿ ಒಂದು ಹೆಸರು, ಕಾರ್ಡಿನಲ್ಲಿ ಇನ್ನೊಂದು. ಇಬ್ಬರೂ ಒಬ್ಬನೇ ಎಂದು ತೋರಿಸಲು ಅಪ್ಪ ಕಚೇರಿಯ ಮೆಟ್ಟಿಲು ಹತ್ತಿದ್ದು ಎಷ್ಟು ಸಲವೋ. ಆ 'ನ್' ಬಗ್ಗೆ ನನಗೆ ಈಗಲೂ ನೋವಿದೆ. ಆದ್ದರಿಂದಲೇ ಅದು ಚಿತ್ರಕ್ಕೆ ಬರಬೇಕಾಯಿತು.

ಎರಡು ವಸ್ತು ಸಾಕು, ಹೆಚ್ಚೆಂದರೆ ಮೂರು. ಊರಿನ ಎಲ್ಲವನ್ನೂ ತುಂಬಿಸಿದ ಚಿತ್ರ ಪ್ರವಾಸೋದ್ಯಮದ ಫಲಕವಾಗುತ್ತದೆ. ನಕಾಶೆಯ ಆಕಾರವನ್ನೂ ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ನಕಾಶೆ ಮೇಲಿನಿಂದ ನೋಡಿದವರದ್ದು, ನಾವು ಒಳಗಿನಿಂದ ನೋಡುವವರು.

ದೈವದ ಮುಖ ನಮ್ಮದಾಗಬಹುದೇ?

ಈ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗಬೇಡಿ. ತೆಯ್ಯಂ, ಭೂತಕೋಲಗಳ ಮುಖವರ್ಣಿಕೆ ಎಷ್ಟು ಚೆಂದವೆಂದರೆ ಕುಂಚ ಹಿಡಿದ ಯಾರಿಗೂ ಆಸೆಯಾಗುತ್ತದೆ. ಆದರೆ ಆ ಬಣ್ಣ ಹಚ್ಚಿ ಅಣಿ (ದೈವದ ವೇಷದ ಬೆನ್ನಿಗೆ ಕಟ್ಟುವ ದೊಡ್ಡ ಅಲಂಕಾರ) ಕಟ್ಟುವ ಹಕ್ಕು ವಂಶಪಾರಂಪರ್ಯವಾಗಿ ಬಂದದ್ದು. ಹೊಳೆಯ ಆಚೆ ವಣ್ಣಾನ್, ಮಲಯ, ವೇಲ ಸಮುದಾಯಗಳವರು, ಈಚೆ ತುಳುನಾಡಿನಲ್ಲಿ ನಲಿಕೆ, ಪರವ, ಪಂಬದ ಸಮುದಾಯಗಳವರು. ವ್ರತ ಹಿಡಿದು, ರಾತ್ರಿಯಿಡೀ ಭಾರ ಹೊತ್ತು, ಬೆಂಕಿಯ ಬಳಿ ನಿಲ್ಲುವವರು ಅವರು. ಒಂದು ಮಧ್ಯಾಹ್ನ ಕನ್ನಡಿಯ ಮುಂದೆ ಕೂತು ಆ ಮುಖವನ್ನು ನನ್ನ ಮುಖಕ್ಕೆ ಅಂಟಿಸಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ನೀವು ಆ ಮನೆತನದವರಾದರೆ ಮಾತು ಬೇರೆ, ಆಗ ನಿಮ್ಮಷ್ಟು ಚೆನ್ನಾಗಿ ಅದನ್ನು ಬಿಡಿಸಬಲ್ಲವರು ಬೇರೆ ಇಲ್ಲ.

ಉಳಿದವರಿಗೂ ದಾರಿ ಇದೆ. ಆ ರಾತ್ರಿಯಲ್ಲಿ ನೀವು ನಿಜವಾಗಿ ಎಲ್ಲಿದ್ದಿರಿ ಎಂದು ನೆನಪಿಸಿಕೊಳ್ಳಿ. ಅಂಗಳದ ತುದಿಯಲ್ಲಿ ಚಾಪೆಯ ಮೇಲೆ, ಅರ್ಧ ನಿದ್ದೆಯಲ್ಲಿ, ಅಂಗೈಯಲ್ಲಿ ಪ್ರಸಾದದ ಅರಸಿನ ಹುಡಿ. ಆ ಅಂಗೈ ನಿಮ್ಮದೇ, ಅದನ್ನು ಬಿಡಿಸಿ. ನಮ್ಮ ದೇಶದ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ 1934ರಲ್ಲಿ ಪ್ಯಾರಿಸಿನಲ್ಲಿದ್ದಾಗ ತನ್ನನ್ನು ಪೆಸಿಫಿಕ್ ಸಾಗರದ ತಾಹಿತಿ ದ್ವೀಪದ ಹೆಣ್ಣಾಗಿ ಬಿಡಿಸಿಕೊಂಡಳು. ತಾಯಿ ಹಂಗೇರಿಯವಳು, ತಂದೆ ಸಿಖ್ಖ. ಹೊರಗಿನವಳೆಂದು ಅನ್ನಿಸಿದಾಗ ಇನ್ನೊಬ್ಬರ ಮೈಯನ್ನು ಎರವಲು ಪಡೆಯುವುದು ಎಂಥ ಸೆಳೆತ ಎಂದು ಆ ಚಿತ್ರ ತೋರಿಸುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಮೆಚ್ಚುಗೆ, ಸಂಕಟ ಎರಡೂ ಆಗುತ್ತದೆ.

ವಸ್ತುವನ್ನು ಸಂಕೇತವಾಗಿ ತಿರುಗಿಸುವುದು

ಸುರಂಗವನ್ನು ಹಿನ್ನೆಲೆಯಲ್ಲಿ ಬಿಡಿಸಿದರೆ ಅದು ಬರೀ ದೃಶ್ಯ. ಮೈಯೊಳಗೆ ಬಂದರೆ ಸಂಕೇತ. ಹೀಗೆ ತಿರುಗಿಸಲು ಅತಿವಾಸ್ತವ ಚಿತ್ರಕಾರರು ಮಾಡುವುದು ಕೆಲವೇ ಕೆಲಸ: ಜಾಗ ಬದಲಿಸುವುದು, ಗಾತ್ರ ಬದಲಿಸುವುದು, ಒಂದರ ಗುಣವನ್ನು ಇನ್ನೊಂದಕ್ಕೆ ಕೊಡುವುದು, ಮುಚ್ಚಿಡುವುದು. ಮುಚ್ಚಿಡುವುದಕ್ಕೆ ಬೆಲ್ಜಿಯಂನ ಚಿತ್ರಕಾರ ರೆನೆ ಮಾಗ್ರಿಟ್ 1964ರಲ್ಲಿ ಬಿಡಿಸಿದ ಸ್ವಂತ ಭಾವಚಿತ್ರವೇ ಸಾಕು. ಕೋಟು ಟೊಪ್ಪಿ ತೊಟ್ಟ ಮನುಷ್ಯ, ಮುಖದ ಮುಂದೆ ತೇಲುವ ಒಂದು ಹಸಿರು ಸೇಬು. ಮುಖ ಕಾಣದೆಯೂ ಅದು ಮುಖದ ಚಿತ್ರವೇ.

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬೆಂಕಿಪೆಟ್ಟಿಗೆ ಗಾತ್ರದ ಹನ್ನೆರಡು ಚೌಕ ಹಾಕಿ. ಪ್ರತಿ ಚೌಕದಲ್ಲಿ ಐದು ನಿಮಿಷ ಮೀರದ ಒಂದು ಗೀಚು. ನನ್ನ ಚೌಕಗಳಲ್ಲಿ ಸುರಂಗ ಕಣ್ಣಾಯಿತು, ಕಿವಿಯಾಯಿತು, ತೆರೆದ ಬಾಯಾಯಿತು. ಕಣ್ಣಾದಾಗ ಚಿತ್ರ ಕುರುಡಾಗಿ ಕಂಡಿತು. ಬಾಯಾದಾಗ ಕಿರುಚಾಟವಾಯಿತು. ಒಂಬತ್ತನೇ ಚೌಕದಲ್ಲಿ ಅದು ಕೊರಳಿನ ಕುಳಿಗೆ, ಎರಡು ಎಲುಬು ಸೇರುವ ಆ ತಗ್ಗಿಗೆ ಬಂದು ಕೂತಿತು. ಬಾಯಿ ಮುಚ್ಚಿದೆ, ಮುಖ ಶಾಂತವಾಗಿದೆ, ಕೊರಳು ಮಾತ್ರ ಮುರಕಲ್ಲಿನ ಗುಡ್ಡ. ಗುಡ್ಡದ ಕಂಡಿಯಿಂದ ಸಪೂರ ನೀರು ಎದೆಗೆ ಇಳಿಯುತ್ತಿದೆ. ಮಾತು ಹುಟ್ಟುವ ಜಾಗದಿಂದ ನೀರು, ಅದು ಯಾವ ಭಾಷೆಯ ನೀರು ಎಂದು ಕೇಳುವಂತಿಲ್ಲ. ಹಳೆಯ ಗೆರೆಗೆ ಉತ್ತರ ನನಗೆ ಅಲ್ಲಿ ಸಿಕ್ಕಿತು.

'ನ್' ಎಂಬುದಕ್ಕೆ ಮಲಯಾಳದಲ್ಲಿ ಒಂದು ಚಿಲ್ಲಕ್ಷರವಿದೆ. ಸ್ವರ ಇಲ್ಲದ ವ್ಯಂಜನಕ್ಕೆ ಪ್ರತ್ಯೇಕ ರೂಪ, ಬಾಲ ಮೇಲಕ್ಕೆ ಎತ್ತಿಕೊಂಡಿರುತ್ತದೆ. ನೋಡನೋಡುತ್ತ ಆ ಬಾಲ ನನಗೆ ಕೊಕ್ಕೆಯಾಗಿ ಕಂಡಿತು. ಕಿವಿಯ ತೂತಿಗೆ ಸಿಕ್ಕಿಸಿದ ಕೊಕ್ಕೆ, ತುಸು ಭಾರ, ಹಾಲೆ ಕೆಳಗೆ ಜಗ್ಗಿದೆ. ಆಭರಣವೂ ಹೌದು, ನೋವೂ ಹೌದು. ಸಂಕೇತವೊಂದು ಎರಡು ಕಡೆಗೂ ವಾಲುವಂತಿದ್ದರೆ ಬಿಡಬೇಡಿ, ಅದು ಒಳ್ಳೆಯದು.

ಕನ್ನಡಿಯ ಮುಂದೆ

1925ರಲ್ಲಿ ಬಸ್ಸಿನ ಅಪಘಾತವಾಗಿ ಹಾಸಿಗೆ ಹಿಡಿದ ಫ್ರಿಡಾಳಿಗೆ ಮನೆಯವರು ಮಂಚದ ಮೇಲ್ಗಡೆ ಕನ್ನಡಿ ಕಟ್ಟಿಕೊಟ್ಟರು. ಮಲಗಿದಲ್ಲಿಂದಲೇ ಅವಳು ತನ್ನನ್ನು ನೋಡಿ ಬಿಡಿಸಿದಳು. ಮೊಬೈಲ್ ಸೆಲ್ಫಿಯಿಂದ ಬಿಡಿಸಬೇಡಿ. ಹತ್ತಿರ ಹಿಡಿದ ಕ್ಯಾಮೆರಾದಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುತ್ತದೆ. ಕೈಯಳತೆ ದೂರದಲ್ಲಿ ಗಟ್ಟಿಯಾಗಿ ನಿಲ್ಲಿಸಿದ ಕನ್ನಡಿ ಬೇಕು, ಬೆಳಕು ಒಂದೇ ಕಿಟಕಿಯಿಂದ, ಓರೆಯಾಗಿ ಬೀಳಬೇಕು. ಮೂಗಿನ ತುದಿ ಕಾಣುವ ಜಾಗದಲ್ಲಿ ಕನ್ನಡಿಯ ಮೇಲೆ ಬೊಟ್ಟಿನ ಒಂದು ಸ್ಟಿಕ್ಕರ್ ಅಂಟಿಸಿ. ಪ್ರತಿ ಸಲ ಕೂರುವಾಗ ಮೂಗು ಆ ಬೊಟ್ಟಿಗೆ ಬಂದರೆ ಭಂಗಿ ತಪ್ಪುವುದಿಲ್ಲ.

ಅಳತೆಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದು: ಹಣೆಯನ್ನು ಗಿಡ್ಡ ಮಾಡಿ ಕಣ್ಣನ್ನು ಮೇಲೆ ಇಡುವುದು. ನೆತ್ತಿಯಿಂದ ಗಲ್ಲದವರೆಗಿನ ಎತ್ತರದಲ್ಲಿ ಕಣ್ಣು ಬರುವುದು ಸುಮಾರು ಅರ್ಧಕ್ಕೆ. ಎರಡು ಕಣ್ಣಿನ ನಡುವೆ ಒಂದು ಕಣ್ಣಿನಷ್ಟು ಜಾಗ. ಕಿವಿ ಹುಬ್ಬಿನಿಂದ ಮೂಗಿನ ಬುಡದವರೆಗೆ. ಇದು ಸಾಮಾನ್ಯ ಲೆಕ್ಕ, ನಿಮ್ಮ ಮುಖ ಎಲ್ಲಿ ಇದನ್ನು ಮೀರುತ್ತದೋ ಅಲ್ಲೇ ನೀವಿದ್ದೀರಿ.

ನನ್ನ ಕ್ಯಾನ್ವಾಸಿನಲ್ಲಿ ನೆತ್ತಿ ಮೇಲಂಚಿನಿಂದ 2 ಇಂಚು ಕೆಳಗೆ, ಗಲ್ಲ 10 ಇಂಚಿಗೆ, ಕೊರಳ ಕುಳಿ 13 ಇಂಚಿಗೆ. ಅಂದರೆ ಸುರಂಗದ ಬಾಯಿ ಚಿತ್ರದ ಮಧ್ಯಕ್ಕಿಂತ ಸ್ವಲ್ಪ ಕೆಳಗೆ. ನಿಮ್ಮ ಸಂಕೇತ ಎಲ್ಲಿದೆಯೋ ಅದಕ್ಕೆ ಜಾಗ ಬಿಟ್ಟು ತಲೆಯನ್ನು ಕೂರಿಸಿ. ಮೊದಲು ತಲೆ ಬಿಡಿಸಿ ಆಮೇಲೆ ಸಂಕೇತಕ್ಕೆ ಜಾಗ ಹುಡುಕಿದರೆ ಅದು ಅಂಟಿಸಿದ ಹಾಗೆ ಕಾಣುತ್ತದೆ. ಇನ್ನೊಂದು ಎಚ್ಚರ, ಕನ್ನಡಿಯಲ್ಲಿ ಮುಖ ತಿರುಗಿರುತ್ತದೆ, ಅದು ಹಾಗೇ ಇರಲಿ. ಅಕ್ಷರವನ್ನು ಮಾತ್ರ ಕನ್ನಡಿಯಿಂದ ನಕಲು ಮಾಡಬೇಡಿ.

ಗುಡ್ಡದ ಮಣ್ಣಿನಿಂದ ಬಣ್ಣ

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಹಂತ ಇದು. ಅಂಗಡಿಯ ಬಣ್ಣದ ಮೇಲೆ 'ಬರ್ಂಟ್ ಸಿಯೆನ್ನಾ', 'ಯೆಲ್ಲೋ ಓಕರ್' ಎಂದು ಬರೆದಿರುತ್ತದೆ. ಮೂಲದಲ್ಲಿ ಅವು ಕಬ್ಬಿಣದ ಅಂಶವಿರುವ ಮಣ್ಣುಗಳೇ, ಸಿಯೆನ್ನಾ ಇಟಲಿಯ ಒಂದು ಊರು. ನಮ್ಮ ಮುರಕಲ್ಲಿನ ಕೆಂಪು ಕೂಡ ಕಬ್ಬಿಣದ್ದೇ. ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರು ಬಂದದ್ದೂ ಕೇರಳದಿಂದಲೇ. ಅಂಗಾಡಿಪುರಂನಲ್ಲಿ ಇದನ್ನು ಕಂಡ ಸ್ಕಾಟ್ಲೆಂಡಿನ ವೈದ್ಯ, ಪ್ರವಾಸಿ ಫ್ರಾನ್ಸಿಸ್ ಬುಕಾನನ್ 1807ರಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ, ಆ ಹೆಸರಿಟ್ಟ. ಗುಡ್ಡದೊಳಗೆ ಇರುವಾಗ ಮೆತ್ತಗೆ, ಕಡಿದು ಹೊರಗಿಟ್ಟ ಮೇಲೆ ಗಾಳಿಗೆ ಗಟ್ಟಿಯಾಗುವ ಕಲ್ಲು. ಕೊರಳಿಗೆ ಇದಕ್ಕಿಂತ ಸರಿಯಾದ ವಸ್ತು ನನಗೆ ತೋಚಲಿಲ್ಲ.

ಕಲ್ಲು ಕೋರೆಯಲ್ಲೋ ಮನೆಯ ಹಿಂದಿನ ಬರೆಯಲ್ಲೋ (ಕಡಿದ ಗುಡ್ಡದ ಬದಿಯಲ್ಲೋ) ಬೀಳುವ ಹುಡಿಯನ್ನು ಎರಡು ಮುಷ್ಟಿ ತನ್ನಿ. ಬೇರು, ಎಲೆ ಹೆಕ್ಕಿ ತೆಗೆಯಿರಿ. ಬಕೆಟ್ಟಿನಲ್ಲಿ ನೀರಿಗೆ ಹಾಕಿ ಚೆನ್ನಾಗಿ ಕಲಕಿ ಒಂದು ನಿಮಿಷ ಬಿಡಿ. ಹೊಯಿಗೆ (ಮರಳು) ಅಡಿಗೆ ಇಳಿಯುತ್ತದೆ. ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಸಿಯಿರಿ. ಇದನ್ನು ಮೂರು ಸಲ ಮಾಡಿ. ಕೊನೆಯ ಪಾತ್ರೆಯನ್ನು ರಾತ್ರಿಯಿಡೀ ಅಲ್ಲಾಡಿಸದೆ ಇಟ್ಟರೆ ತಿಳಿನೀರು ಮೇಲೆ, ಬೆಣ್ಣೆಯಂಥ ಕೆಸರು ಕೆಳಗೆ. ನೀರು ಚೆಲ್ಲಿ ಕೆಸರನ್ನು ಬಟ್ಟಲಲ್ಲಿ ಹರಡಿ ಬಿಸಿಲಿಗೆ ಒಣಗಿಸಿ. ಒಣಗಿದ್ದನ್ನು ಗಾಜಿನ ಹಲಗೆಯ ಮೇಲೆ ನುಣ್ಣಗೆ ಅರೆಯಿರಿ. ಮೂಗಿಗೆ ಮಾಸ್ಕು ಇರಲಿ, ಈ ಹುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ಅಡುಗೆಮನೆಯ ಕಲ್ಲು, ಮಿಕ್ಸಿ ಬಳಸಲೇಬೇಡಿ.

ಹಳದಿ ಮಣ್ಣು ಸಿಕ್ಕಿದರೆ ಅದಕ್ಕೂ ಇದೇ ಕ್ರಮ. ಹಳದಿ ಹುಡಿಯ ಅರ್ಧವನ್ನು ಹಳೆಯ ಕಬ್ಬಿಣದ ಕಾವಲಿಯಲ್ಲಿ, ಸೌದೆ ಒಲೆಯ ಜೋರು ಉರಿಯಲ್ಲಿ ಹುರಿಯಿರಿ. ನೋಡುತ್ತಿದ್ದಂತೆ ಅದು ಕೆಂಪಿಗೆ ತಿರುಗುತ್ತದೆ. ಕಬ್ಬಿಣದ ಸಂಯುಕ್ತದೊಳಗಿನ ನೀರಿನಂಶ ಹೋಗಿ ಬಣ್ಣ ಬದಲಾಗುವುದು. ಒಂದೇ ಮಣ್ಣಿನಿಂದ ಹಳದಿ, ಕಿತ್ತಳೆ, ಕೆಂಪು ಮೂರೂ ಸಿಗುತ್ತವೆ.

ಹುಡಿಗೆ ಸುಮಾರು ಅಷ್ಟೇ ಪ್ರಮಾಣದ ಅಕ್ರಿಲಿಕ್ ಮೀಡಿಯಂ (ಬಣ್ಣದ ಹುಡಿಯನ್ನು ಹಿಡಿದಿಡುವ ಅಂಟುದ್ರವ) ಸೇರಿಸಿ ಪ್ಯಾಲೆಟ್ ನೈಫಿನಿಂದ ಕಲಸಿದರೆ ಬಣ್ಣ ತಯಾರು. ತುಂಡು ಕ್ಯಾನ್ವಾಸಿನ ಮೇಲೆ ಹಚ್ಚಿ ಒಣಗಿಸಿ, ಬೆರಳಿನಿಂದ ಉಜ್ಜಿ ನೋಡಿ. ಕೈಗೆ ಹುಡಿ ಹತ್ತಿದರೆ ಮೀಡಿಯಂ ಸಾಲದು. ಮಣ್ಣಿನ ಬಣ್ಣ ಬಿಸಿಲಿಗೆ ಮಾಸುವುದಿಲ್ಲ. ಅರಸಿನ ಮಾಸುತ್ತದೆ. ಅರಸಿನಕ್ಕೆ ಸುಣ್ಣ ಸೇರಿಸಿದಾಗ ಬರುವ ಕುರುದಿಯ (ಪೂಜೆಯ ಕೆಂಪು ನೀರು) ಕೆಂಪು ಎಷ್ಟೇ ಸೆಳೆದರೂ ಕ್ಯಾನ್ವಾಸಿಗೆ ಅದನ್ನು ತರಬೇಡಿ, ಅಂಗಡಿಯ ಬಣ್ಣದಿಂದಲೇ ಆ ಛಾಯೆ ಹಿಡಿಯಿರಿ.

ಬಣ್ಣ ಹಾಕುವ ಕ್ರಮ

ಕ್ಯಾನ್ವಾಸಿಗೆ ಗೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ) ಎರಡು ಮೂರು ಕೈ ಹಾಕಿ, ಪ್ರತಿ ಕೈ ಒಣಗಿದ ಮೇಲೆ ಸಣ್ಣ ಮರಳುಕಾಗದದಿಂದ ತಿಕ್ಕಿ. ಮೊದಲ ಪದರ ಒಂದೇ ಬಣ್ಣದ್ದು: ಬರ್ಂಟ್ ಅಂಬರ್ (ಕಡುಕಂದು) ಮತ್ತು ಬಿಳಿ. ಬೆಳಕು, ನಡುಛಾಯೆ, ಕತ್ತಲು, ಮೂರೇ ಮೆಟ್ಟಿಲು. ಈ ಹಂತದಲ್ಲಿ ಮುಖದ ನೆರಳು ಯಾವ ಕಡೆಗೆ ಬೀಳುತ್ತದೋ ಸುರಂಗದ ಬಾಯಿಯ ನೆರಳೂ ಅದೇ ಕಡೆಗೆ ಬೀಳಬೇಕು. ಕಿವಿಯ ಕೊಕ್ಕೆಯದೂ ಅಷ್ಟೇ. ಅಸಾಧ್ಯವಾದದ್ದನ್ನು ನೋಡುವವರ ಕಣ್ಣು ನಂಬುವುದು ಬೆಳಕು ಒಂದೇ ಇದ್ದಾಗ. ವಿಚಿತ್ರ ಚಿತ್ರಗಳು ಹೆಚ್ಚಾಗಿ ಸೋಲುವುದು ಕಲ್ಪನೆಯಲ್ಲಲ್ಲ, ನೆರಳಿನಲ್ಲಿ.

ಚರ್ಮದ ಬಣ್ಣದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮ ಕಂದು ಮೈಬಣ್ಣಕ್ಕೆ ಬೆಳಕು ತರಲು ಬರೀ ಬಿಳಿ ಸುರಿಯಬೇಡಿ, ಮುಖ ಬೂದಿ ಬಡಿದಂತಾಗುತ್ತದೆ. ಬಿಳಿಯ ಜೊತೆ ಯೆಲ್ಲೋ ಓಕರ್ ಮತ್ತು ಚೂರು ಕೆಂಪು ಇರಲಿ. ನೆರಳಿಗೆ ಕಪ್ಪು ಬೇಡ, ಬರ್ಂಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ನೀಲಿ ಸೇರಿಸಿ. ತೋಟದ ಮನೆಯಾದರೆ ಗಲ್ಲದ ಅಡಿಯಲ್ಲಿ ಹಸಿರು ಪ್ರತಿಫಲನ ಇದ್ದೇ ಇರುತ್ತದೆ, ನೋಡಿ. ನಾನು ಚರ್ಮಕ್ಕೂ ಕೊರಳಿನ ಕಲ್ಲಿಗೂ ಅದೇ ಗುಡ್ಡದ ಮಣ್ಣನ್ನು ಬಳಸಿದೆ. ಕಲ್ಲಿನ ಮೇಲೆ ದಪ್ಪಗೆ, ಕೆನ್ನೆಯ ಮೇಲೆ ಮೀಡಿಯಂನಲ್ಲಿ ತೆಳುಮಾಡಿ ನಾಲ್ಕೈದು ಗ್ಲೇಜ್ (ಅಡಿಯ ಬಣ್ಣ ಕಾಣುವಂಥ ತೆಳು ಪದರ). ಆದ್ದರಿಂದ ಮೈ ಎಲ್ಲಿ ಮುಗಿಯಿತು, ಗುಡ್ಡ ಎಲ್ಲಿ ಸುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಹಳೆಯ ಚಿತ್ರದ ಗೆರೆಯನ್ನು ನಿಜವಾಗಿ ಅಳಿಸಿದ್ದು ಈ ಮಣ್ಣೇ.

ಕಲ್ಲಿನ ತೂತುಗಳಿಗೆ ಮಾಡೆಲಿಂಗ್ ಪೇಸ್ಟ್ (ಒಣಗಿ ಉಬ್ಬಾಗಿ ನಿಲ್ಲುವ ದಪ್ಪ ಲೇಪ) ಬೇಕಾಗುತ್ತದೆ. ಇಲ್ಲಿ ಯಕ್ಷಗಾನ ನನಗೆ ಸಹಾಯಕ್ಕೆ ಬಂತು, ಸಂಕೇತವಾಗಿ ಅಲ್ಲ, ಕಸುಬಾಗಿ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನೊಂದಿಗೆ ಬೆಳೆದ ನಮ್ಮ ತೆಂಕುತಿಟ್ಟಿನಲ್ಲಿ (ಯಕ್ಷಗಾನದ ದಕ್ಷಿಣದ ಶೈಲಿ) ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ (ಉಬ್ಬು ಚುಕ್ಕೆಗಳ ಸಾಲು) ಇಡುತ್ತಾರೆ. ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಕೂತು ಗಂಟೆಗಟ್ಟಲೆ ಮಾಡುವ ಕೆಲಸ. ಒಂದು ಸಾಲು ಒಣಗಿದ ಮೇಲೆ ಇನ್ನೊಂದು. ಅದನ್ನು ನೋಡಿ ಕಲಿತ ತಾಳ್ಮೆಯಲ್ಲಿ ನಾನು ಕಡ್ಡಿಯ ತುದಿಯಿಂದ ಪೇಸ್ಟನ್ನು ಚುಕ್ಕೆ ಚುಕ್ಕೆಯಾಗಿ ಎತ್ತಿ, ಒಣಗಿಸಿ, ಮೇಲೆ ಕಡುಗೆಂಪು ಹಚ್ಚಿ, ಒದ್ದೆ ಬಟ್ಟೆಯಿಂದ ಉಬ್ಬಿದ ಕಡೆ ಒರೆಸಿದೆ. ತಗ್ಗಿನಲ್ಲಿ ಬಣ್ಣ ಉಳಿದು ಮುರಕಲ್ಲು ಎದ್ದು ಬಂತು.

ಸುರಂಗದೊಳಗೆ ಒಂದು ದೀಪ ಇಟ್ಟೆ. ಬೆಳಕು ಒಂದೇ ಇರಬೇಕು ಎಂದ ನಾನೇ ಎರಡನೆಯದನ್ನು ತಂದದ್ದರಿಂದ ಅದನ್ನು ಬಹಳ ಹಿಡಿತದಲ್ಲಿ ಇಡಬೇಕಾಯಿತು. ಜ್ವಾಲೆ ಹೆಸರುಕಾಳಿನಷ್ಟು, ಒಳಗೋಡೆಗೆ ಮಾತ್ರ ಕಿತ್ತಳೆ ಛಾಯೆ, ಹೊರಗಿನ ಚರ್ಮಕ್ಕೆ ಒಂದಿಷ್ಟೂ ತಾಗಬಾರದು. ಅದು ಮಂಕಾಗಿಲ್ಲ. ಒಳಗೆ ಗಾಳಿಯಿದೆ.

ನೀರನ್ನು ಕೊನೆಗೆ ಬಿಡಿಸಿ. ನೀರಿಗೆ ನೀಲಿ ಹಚ್ಚುವ ಅಭ್ಯಾಸ ಬಿಡಬೇಕು. ಅದು ಹಿಂದಿನ ಕೆಂಪನ್ನೇ ತುಸು ಗಾಢ ಮಾಡಿ ತೋರಿಸುತ್ತದೆ, ಅಂಚಿನಲ್ಲಿ ಕೂದಲೆಳೆಯ ಬೆಳಕು, ಅಷ್ಟೆ.

ಮನೆಯವರಿಗೆ ತೋರಿಸಿ, ಆಮೇಲೆ ಮುಗಿಸಿ

ಚಿತ್ರ ಗೊತ್ತಿರುವವರಿಗಿಂತ ಮೊದಲು ಮನೆಯ ಹಿರಿಯರಿಗೆ ತೋರಿಸಿ. ಏನನ್ನೂ ವಿವರಿಸಬೇಡಿ. ಚಿಕ್ಕಮ್ಮ ಬಂದವರು ಮುಖವನ್ನು ಬಿಟ್ಟು ನೇರ ಕೊರಳು ನೋಡಿದರು. "ಇದು ನಮ್ಮ ಸುರಂಗ ಅಲ್ಲದೋ ಕೂಸೆ? ನೀರೆಂತಕೆ ಇಷ್ಟು ಸಪೂರ?" ನಾನು ಅದನ್ನು ಬಿಡಿಸಿದ್ದು ಮೇ ತಿಂಗಳಲ್ಲಿ, ಮಳೆ ಬರುವ ಮೊದಲು. ಟಾಂಕಿಗೆ ಬೀಳುತ್ತಿದ್ದದ್ದು ಅಷ್ಟೇ ನೀರು. ಅವರು ಕೇಳಿದ ಮೇಲೂ ಅದನ್ನು ದಪ್ಪ ಮಾಡಲಿಲ್ಲ. ಕಿವಿಯ ಅಕ್ಷರವನ್ನು ಅವರು ಬರೀ ಲೋಲಾಕು ಎಂದುಕೊಂಡರು. ಅಪ್ಪ ಮಾತ್ರ ಅದನ್ನು ತುಂಬ ಹೊತ್ತು ನೋಡಿ, ಏನೂ ಹೇಳದೆ ಒಳಗೆ ಹೋದರು. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಸಿಕ್ಕಿದರೆ ಸಂಕೇತ ಕೆಲಸ ಮಾಡುತ್ತಿದೆ. ಯಾರಿಗೂ ಏನೂ ಸಿಗದಿದ್ದರೆ ನೋಟ್‌ಬುಕ್ಕಿನ ಚೌಕಗಳಿಗೆ ಹಿಂತಿರುಗಿ, ಬಣ್ಣದಲ್ಲಿ ಸರಿಪಡಿಸಲು ಹೋಗಬೇಡಿ.

ಸಹಿಯನ್ನು ಚಿತ್ರದ ಮುಂಭಾಗದಲ್ಲಿ ನಾನು ಹಾಕಲಿಲ್ಲ. ಹಿಂಬದಿಯ ಮರದ ಪಟ್ಟಿಯ ಮೇಲೆ ಹೆಸರನ್ನು ಕನ್ನಡದಲ್ಲೂ ಮಲಯಾಳದಲ್ಲೂ, ಕನ್ನಡದಲ್ಲಿ ಉಚ್ಚರಿಸುವ ಹಾಗೆಯೇ ಬರೆದೆ, ಕೊನೆಗೆ ಯಾವ ಅಕ್ಷರವನ್ನೂ ಸೇರಿಸದೆ. ಅದರ ಕೆಳಗೆ ವರ್ಷ, ಬಣ್ಣದ ವಿವರ, ಮಣ್ಣು ತಂದ ಜಾಗ. ನೀವೂ ಇದನ್ನು ಬರೆದಿಡಿ, ಮುಂದೆ ಯಾರಾದರೂ ಚಿತ್ರವನ್ನು ದುರಸ್ತಿ ಮಾಡಬೇಕಾದರೆ ಈ ವಿವರವೇ ಅವರಿಗೆ ಆಧಾರ.

ಎರಡು ವಾರ ಒಣಗಿಸಿ ವಾರ್ನಿಶ್ ಹಚ್ಚಿ. ಎಣ್ಣೆಬಣ್ಣವಾದರೆ ಆರು ತಿಂಗಳಾದರೂ ಕಾಯಬೇಕು. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಣ್ಣಿನ ಗೋಡೆಗೂ ಕಲ್ಲಿನ ಗೋಡೆಗೂ ತಂಪು ಏರುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಾಟ್ಲಿ ಬೂಚಿನ ತುಂಡು ಅಂಟಿಸಿ, ಗೋಡೆಗೂ ಕ್ಯಾನ್ವಾಸಿಗೂ ನಡುವೆ ಒಂದು ಬೆರಳು ಗಾಳಿಯಾಡಬೇಕು. ಒಲೆಯ ಹೊಗೆ ಬರುವ ಗೋಡೆ ಬೇಡ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಒಮ್ಮೆ ಇಳಿಸಿ, ಹಿಂಬದಿಗೆ ಬೂಸ್ಟು ಹಿಡಿದಿದೆಯೋ ನೋಡಿ, ಒಣ ಬ್ರಶ್ಶಿನಿಂದ ಒರೆಸಿ ಮತ್ತೆ ತೂಗುಹಾಕಿ.